ಹನ್ನೆರಡು ಲೆಕ್ಕಗಳಿಂದ ಐದಕ್ಕೆ: ಬಿಸಿಯೂಟದ ನಂತರದ ಗಣಿತ ತರಗತಿಯಲ್ಲಿ ಓಡಾಟ

ಬಿ.ಇಡ್. ಎರಡನೆಯ ವರ್ಷದ 16 ವಾರಗಳ ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದರು. ಎಂಟನೆಯ ತರಗತಿ, ಗಣಿತ, 34 ಮಕ್ಕಳು. ವೇಳಾಪಟ್ಟಿಯಲ್ಲಿ ನನ್ನ ಪಾಲಿಗೆ ಬಂದದ್ದು ಬಿಸಿಯೂಟ ಮುಗಿದ ಕೂಡಲೇ ಇರುವ ಅವಧಿ. ಪ್ರಶಿಕ್ಷಣಾರ್ಥಿಗಳಿಗೆ ಆ ಅವಧಿಯೇ ಏಕೆ ಸಿಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅನ್ನ ಸಾಂಬಾರು ಉಂಡು, ತಟ್ಟೆ ತೊಳೆದಿಟ್ಟು, ಬಿಸಿಲಿನಿಂದ ಒಳಗೆ ಬಂದು ಕುಳಿತ ಮಕ್ಕಳಿಗೆ 40 ನಿಮಿಷ ಗಣಿತ.

ಮೊದಲ ಮೂರು ವಾರ ನಾನು ಒಂದು ಎಣಿಕೆ ಇಟ್ಟುಕೊಂಡಿದ್ದೆ. ಆ ದಿನ ಎಷ್ಟು ಲೆಕ್ಕ ಮುಗಿಯಿತು ಎಂಬುದನ್ನು ಪಾಠಯೋಜನೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ: 9, 11, 12. ಹನ್ನೆರಡು ಮುಗಿದ ದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಆಯಾಸ ಅನ್ನಿಸಿರಲಿಲ್ಲ. ನಾನು ಹಲಗೆಯ ಮೇಲೆ ಬಿಡಿಸುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ನೋಟ್ ಪುಸ್ತಕ ತುಂಬುತ್ತದೆ, ಯೋಜನೆಯ ಎಲ್ಲ ಹಂತಗಳೂ ಪೂರ್ಣಗೊಂಡಿವೆ ಎಂದು ಮೇಲ್ವಿಚಾರಕರು ವೀಕ್ಷಣಾ ಪಟ್ಟಿಯಲ್ಲಿ ಷರಾ ಬರೆಯುತ್ತಾರೆ. ಇದಕ್ಕಿಂತ ಇನ್ನೇನು ಬೇಕು? ಮೂರನೆಯ ವಾರದ ಶನಿವಾರ ಒಂದು ಚರಾಕ್ಷರದ ಸಮೀಕರಣಗಳ ಮೇಲೆ ಐದು ಲೆಕ್ಕಗಳ ಕಿರುಪರೀಕ್ಷೆ ಕೊಟ್ಟೆ. ಮೂರಕ್ಕಿಂತ ಹೆಚ್ಚು ಸರಿ ಮಾಡಿದವರು 7 ಜನ. ಉಳಿದವರ ನೋಟ್ ಪುಸ್ತಕ ತೆರೆದು ನೋಡಿದರೆ ಅದೇ ಮಾದರಿಯ ಲೆಕ್ಕಗಳು ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಎಳೆದುಕೊಂಡು ಅಚ್ಚುಕಟ್ಟಾಗಿ ಕುಳಿತಿದ್ದವು.

ಮಕ್ಕಳಿಗೆ ನಿದ್ದೆ ಬರುತ್ತದೆ, ಅದೇ ಕಾರಣ ಎಂದುಕೊಂಡೆ. ಮೈಗೆ ಚುರುಕು ಬಂದರೆ ಹನ್ನೆರಡು ಲೆಕ್ಕವೂ ತಲೆಗೆ ಹತ್ತುತ್ತದೆ ಎಂದು ಸೋಮವಾರದಿಂದ ಹೊಸ ಕ್ರಮ ಶುರು ಮಾಡಿದೆ. ಹದಿನೈದು ನಿಮಿಷಕ್ಕೊಮ್ಮೆ ಎಲ್ಲರೂ ಎದ್ದು ನಿಲ್ಲಬೇಕು, ಕೈ ಮೇಲೆತ್ತಬೇಕು, ಹತ್ತು ಸಲ ಜಿಗಿಯಬೇಕು. ಮೊದಲ ದಿನ ನಗು, ಗಲಾಟೆ. ಎರಡನೆಯ ದಿನ ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು ಕುಳಿತ. ತುಂಬಿದ ಹೊಟ್ಟೆಯಲ್ಲಿ ಜಿಗಿಸಿದವಳು ನಾನೇ. ಹುಡುಗಿಯರು ವೇಲ್ ಸರಿಮಾಡಿಕೊಳ್ಳುತ್ತಾ ಅರೆಬರೆ ಕುಪ್ಪಳಿಸುತ್ತಿದ್ದರು. ಹುಡುಗರ ಎದುರು ಜಿಗಿಯಲು ಅವರಿಗೆ ಮುಜುಗರ. ಅದು ನನಗೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೂರನೆಯ ದಿನ, ಮೂರನೆಯ ಬೆಂಚಿನ ತುದಿಯಲ್ಲಿ ಕೂರುವ ಹುಡುಗಿ ಏಳಲೇ ಇಲ್ಲ.

"ಯಾಕೆ, ನಿಂಗೆ ಬೇರೆ ಹೇಳ್ಬೇಕಾ?" ಎಂದು ಗದರಿದೆ.

"ನಾನು ಬೆಳಿಗ್ಗೆಯಿಂದ ಓಡಾಡ್ತಾನೇ ಇದ್ದೀನಿ ಮಿಸ್" ಎಂದಳು. ಎದುರುತ್ತರದ ದನಿಯಲ್ಲ. ಸುಮ್ಮನೆ ಇದ್ದ ವಿಷಯ ಹೇಳಿದ ಹಾಗಿತ್ತು.

ಆಮೇಲೆ ಮಾರ್ಗದರ್ಶಿ ಶಿಕ್ಷಕಿ ಹೇಳಿದರು. ಆ ಹುಡುಗಿ ಐದು ಗಂಟೆಗೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಡೈರಿಗೆ ಹಾಕಿ ಬಂದು, ತಮ್ಮನನ್ನು ಹೊರಡಿಸಿಕೊಂಡು ತೋಟದ ಮನೆಯಿಂದ 3 ಕಿಲೋಮೀಟರ್ ನಡೆದು ಬರುತ್ತಾಳೆ. ಸಂಜೆ ಅಷ್ಟೇ ದೂರ ವಾಪಸ್. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ಹೇಳಿದೆ. ಅವಳು ಅದನ್ನು ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಮುಗಿಸಿರುತ್ತಿದ್ದಳು. ನಾನು ಅವಳಿಗೆ ಇನ್ನೂ ಹತ್ತು ಜಿಗಿತ ಹೇರಿದ್ದೆ, ಅದೂ ನನ್ನ ಹನ್ನೆರಡು ಲೆಕ್ಕದ ಸಲುವಾಗಿ.

ಮಾರ್ಗದರ್ಶಿ ಮೇಡಂ ಹೆಚ್ಚು ಮಾತಿನವರಲ್ಲ. "ನಾಳೆ ಕ್ಲಾಸು ನಾನು ತಗೋತೀನಿ, ನೀವು ಕೊನೇ ಬೆಂಚಲ್ಲಿ ಕೂತ್ಕೊಳ್ಳಿ. ಬರೀ ಕೂತ್ಕೊಳ್ಳಿ, ಅಬ್ಸರ್ವೇಶನ್ ಬರೀಬೇಡಿ" ಎಂದರು.

ಕುಳಿತೆ. ನನ್ನದೂ ಅದೇ ಊಟವಾಗಿತ್ತು. ಹದಿನೈದನೆಯ ನಿಮಿಷಕ್ಕೆ ಆಕಳಿಕೆ. ಇಪ್ಪತ್ತಕ್ಕೆ ಸೊಂಟ ನೋವು, ಏಕೆಂದರೆ ಬೆಂಚಿಗೆ ಒರಗಲು ಹಿಂಬದಿ ಇಲ್ಲ. ಆಮೇಲೆ ಕಿಟಕಿಯಾಚೆಯ ತೆಂಗಿನ ಗರಿಯನ್ನೇ ನೋಡುತ್ತಾ ಕುಳಿತಿದ್ದೆ. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ನನಗೇ ಹಲಗೆಯ ಮೇಲಿನ ಸರಳ ಸಮೀಕರಣ ಬಿಟ್ಟುಹೋಗುತ್ತಿತ್ತು. ಹಿಂದಿನ ಮೂರು ವಾರ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ನನಗೆ ಒಮ್ಮೆಯೂ ನಿದ್ದೆ ಬಂದಿರಲಿಲ್ಲ. ಯಾಕೆಂದರೆ ನಾನು ನಿಂತಿರುತ್ತಿದ್ದೆ, ನಡೆಯುತ್ತಿದ್ದೆ, ಹಲಗೆ ಒರೆಸುತ್ತಿದ್ದೆ, ಸಾಲುಗಳ ನಡುವೆ ಹೋಗಿ ಬರುತ್ತಿದ್ದೆ.

ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ 1953ರಲ್ಲಿ ಪ್ರಕಟಿಸಿದ ಅಧ್ಯಯನ ಆಗ ನೆನಪಾಯಿತು. ಒಂದೇ ಬಸ್ಸು, ಒಂದೇ ದಾರಿ. ಆದರೆ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ, ಕುಳಿತೇ ಇರುವ ಡ್ರೈವರುಗಳಿಗಿಂತ ಹೃದಯದ ಕಾಯಿಲೆ ಕಡಿಮೆ ಕಂಡಿತು. ಅದು ಹೃದಯದ ವಿಷಯ, ಕಲಿಕೆಯದ್ದಲ್ಲ. ಅದರಿಂದ ತರಗತಿಯ ಬಗ್ಗೆ ಏನನ್ನೂ ಸಾಧಿಸಲು ಬರುವುದಿಲ್ಲ. ನನಗೆ ಹಿಡಿಸಿದ್ದು ಅದರ ಚಿತ್ರ. ಕಂಡಕ್ಟರು ವ್ಯಾಯಾಮ ಮಾಡುತ್ತಿರಲಿಲ್ಲ, ಟಿಕೆಟ್ ಕೊಡುತ್ತಿದ್ದ. ಓಡಾಟ ಅವನ ಕೆಲಸದೊಳಗೇ ಇತ್ತು. ನಮ್ಮ ತರಗತಿಯಲ್ಲಿ ಕಂಡಕ್ಟರು ನಾನೊಬ್ಬಳೇ. ಡ್ರೈವರುಗಳು 34 ಜನ, ಅವರ ಕೈಗೆ ಸ್ಟೇರಿಂಗೂ ಕೊಟ್ಟಿರಲಿಲ್ಲ.

ನಮ್ಮ ಪ್ರೌಢಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಪ್ರಾಥಮಿಕ ಶಾಲೆ ಇದೆ. ಮೇಡಂ ನನ್ನನ್ನು ಅಲ್ಲಿಯ ನಲಿ-ಕಲಿ ಕೋಣೆಗೆ ಕರೆದುಕೊಂಡು ಹೋದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರು ರೂಪಿಸಿದ್ದು. ಪರೀಕ್ಷೆಗೆ ನಾವೆಲ್ಲ ಅದರ ಬಗ್ಗೆ ಬರೆದಿದ್ದೇವೆ, ತಟ್ಟೆಗಳು, ಮೈಲಿಗಲ್ಲು, ಕಲಿಕಾ ಏಣಿ ಎಂದೆಲ್ಲ. ಆ ದಿನ ನಾನು ಮಕ್ಕಳ ಕಾಲುಗಳನ್ನು ಮಾತ್ರ ನೋಡಿದೆ. ಒಬ್ಬಳು ಎದ್ದು ಏಣಿಯ ಹತ್ತಿರ ಹೋಗಿ ತನ್ನ ಮೆಟ್ಟಿಲು ಹುಡುಕುತ್ತಾಳೆ, ಕಾರ್ಡು ತೆಗೆದುಕೊಳ್ಳುತ್ತಾಳೆ, ಬೇರೆ ಗುಂಪಿಗೆ ಹೋಗಿ ಕೂರುತ್ತಾಳೆ. ಇನ್ನೊಬ್ಬ ಗೋಡೆಯ ಕೆಳಹಲಗೆಯಲ್ಲಿ ತನ್ನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಬರೆದು, ಅಳಿಸಿ, ಎದ್ದು ಬರುತ್ತಾನೆ. ಯಾರೂ "ಈಗ ಏಳಿ" ಎಂದು ಹೇಳುತ್ತಿಲ್ಲ. ಏಳುವುದಕ್ಕೆ ಪ್ರತಿ ಸಲವೂ ಒಂದು ಕಾರಣವಿದೆ. ಮೂರನೆಯ ತರಗತಿ ದಾಟಿದ ಮೇಲೆ ಆ ಕಾರಣಗಳನ್ನೆಲ್ಲ ನಾವೇ ಒಂದೊಂದಾಗಿ ತೆಗೆದುಹಾಕುತ್ತೇವೆ. ಕಾರ್ಡು ಹೋಗಿ ನೋಟ್ ಪುಸ್ತಕ ಬರುತ್ತದೆ, ಕೆಳಹಲಗೆ ಹೋಗಿ ಮೇಲಿನ ಹಲಗೆ ಬರುತ್ತದೆ, ಅದು ಶಿಕ್ಷಕರದ್ದು.

ಮುಂದಿನ ಪಾಠ ಚತುರ್ಭುಜಗಳು. ಅದರಿಂದಲೇ ಬದಲಾಯಿಸಿದೆ. ಹನ್ನೆರಡರ ಬದಲು ದಿನಕ್ಕೆ ಐದೇ ಲೆಕ್ಕ. ಒಂದೊಂದನ್ನೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಗೆ ಬರೆದು ಕೋಣೆಯ ಒಂದೊಂದು ಕಡೆ ಅಂಟಿಸಿದೆ. ಮಕ್ಕಳು ಜೋಡಿಯಾಗಿ ಹೋಗಿ ಓದಿಕೊಂಡು, ತಮ್ಮ ಜಾಗಕ್ಕೆ ಬಂದು ಬಿಡಿಸಬೇಕು. ಉತ್ತರಗಳು ಹಿಂದಿನ ಗೋಡೆಯ ಮೇಲೆ, ಮಡಚಿದ ಹಾಳೆಯೊಳಗೆ. ಬಿಡಿಸಿದ ಮೇಲೆ ಎದ್ದು ಹೋಗಿ ತಾವೇ ನೋಡಿಕೊಳ್ಳಬಹುದು. ತಪ್ಪಿದ್ದರೆ ಮತ್ತೆ ಲೆಕ್ಕದ ಹತ್ತಿರ ಹೋಗಬೇಕು. ಬೆಂಚುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದೆವು, ಇಲ್ಲದಿದ್ದರೆ ದಾರಿಯೇ ಇರಲಿಲ್ಲ. ಇಷ್ಟೇ ಸಿದ್ಧತೆ, ಖರ್ಚಿಲ್ಲ.

ಮೊದಲ ದಿನ ಸಂತೆ. ಪಕ್ಕದ ಕೋಣೆಯ ಶಿಕ್ಷಕರು ಬಾಗಿಲಲ್ಲಿ ಬಂದು ನಿಂತರು, ಏನೂ ಹೇಳಲಿಲ್ಲ, ಹೇಳುವುದೇ ಬೇಕಿರಲಿಲ್ಲ. ಎರಡನೆಯ ದಿನದಿಂದ ಒಂದು ಜಾಗದಲ್ಲಿ ಎರಡು ಜೋಡಿಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಮಕ್ಕಳೇ ನಿಯಮ ಮಾಡಿಕೊಂಡರು. ಯಾವ ಲೆಕ್ಕ ಮೊದಲು ಎಂಬುದಕ್ಕೆ ಕ್ರಮವಿಲ್ಲದ್ದರಿಂದ ಕಾಯುವ ಪ್ರಸಂಗ ಕಡಿಮೆ. ಜೋಡಿಯಲ್ಲಿ ಒಬ್ಬರು ಹೋಗಿ ಬಂದರೂ ಸಾಕು. ಕೂರಬೇಕೆನ್ನಿಸಿದವರು ಕೂರಬಹುದು. ಈ ಕೊನೆಯ ಮಾತನ್ನು ನಾನು ಮೂರನೆಯ ಬೆಂಚಿನ ತುದಿಯನ್ನು ನೋಡಿಕೊಂಡೇ ಹೇಳಿದ್ದೆ. ಕಾಲಿನ ತೊಂದರೆ ಇದ್ದ ಒಬ್ಬ ಹುಡುಗನಿಗೆ ಹಾಳೆಯನ್ನು ಅವನ ಬೆಂಚಿಗೇ ತಂದುಕೊಡುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ಎಲ್ಲರೂ ಹೋಗಿಬಂದ ಮೇಲೆ, ಗೋಡೆ ಹಿಡಿದುಕೊಂಡು, ನಿಧಾನವಾಗಿ ತಾನೂ ಹೋಗಿ ಬರುತ್ತಿದ್ದ. ಯಾರು ಮೊದಲು ಮುಗಿಸಿದರು ಎಂದು ನಾನು ಕೇಳುವುದನ್ನು ಬಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಬಹುಭುಜಾಕೃತಿಯ ಬಾಹ್ಯಕೋನಗಳ ಮೊತ್ತ 360° ಎಂಬ ಭಾಗಕ್ಕೆ ಹೊರಗೆ ಹೋದೆವು. ಹೊಂಗೆ ಮರದ ನೆರಳಿನಲ್ಲಿ ರಂಗೋಲಿ ಪುಡಿಯಿಂದ ದೊಡ್ಡದೊಂದು ಚತುರ್ಭುಜ ಬರೆದೆ. ಒಬ್ಬರು ಗೆರೆಯ ಮೇಲೆ ನಡೆಯಬೇಕು. ಮೂಲೆ ಬಂದಾಗ ಎಷ್ಟು ತಿರುಗಬೇಕೋ ಅಷ್ಟು ತಿರುಗಿ ಮುಂದೆ ಹೋಗಬೇಕು. ಹೊರಟ ಜಾಗಕ್ಕೆ ಬಂದು, ಹೊರಟಾಗ ಇದ್ದ ದಿಕ್ಕಿಗೇ ಮುಖ ಮಾಡಿ ನಿಲ್ಲಬೇಕು. ತಿರುಗುವ ಕೋನವೇ ಬಾಹ್ಯಕೋನ. ಗೆರೆಯನ್ನು ಮೂಲೆಯಿಂದಾಚೆಗೆ ಸ್ವಲ್ಪ ಎಳೆದು, ಹಲಗೆಗೆ ಬಳಸುವ ಮರದ ಕೋನಮಾಪಕದಿಂದ ಇನ್ನಿಬ್ಬರು ಅಳೆಯುತ್ತಾರೆ. ಬರೆದುಕೊಳ್ಳುವವರು ಒಬ್ಬರು ಬೇಕು. ಮೂರನೆಯ ಬೆಂಚಿನ ಹುಡುಗಿ ತಾನೇ ಕೇಳಿ ಆ ಕೆಲಸ ತೆಗೆದುಕೊಂಡು, ಮರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಳು.

ನಾಲ್ಕು ಮೂಲೆ ಮುಗಿದಾಗ, ಮೊತ್ತ ಮಾಡುವ ಮೊದಲೇ, ನಡೆದ ಹುಡುಗ "ಒಂದು ಸುತ್ತು ತಿರುಗ್ದಂಗಾಯ್ತು ಮಿಸ್" ಎಂದ. ತ್ರಿಭುಜ ಬರೆದೆವು, ಪಂಚಭುಜ ಬರೆದೆವು. ಅಳತೆಯಲ್ಲಿ ಒಂದೆರಡು ಡಿಗ್ರಿ ಹೆಚ್ಚು ಕಡಿಮೆಯಾದರೂ ಪ್ರತಿ ಸಲ ಒಂದೇ ಸುತ್ತು. ಹಲಗೆಯ ಮೇಲಾದರೆ ಈ ಪ್ರಮೇಯಕ್ಕೆ ನಾನು ಆರು ಸಾಲು ಬರೆಸುತ್ತಿದ್ದೆ.

ಆಗ ಒಬ್ಬ ಪುಡಿ ಈಸಿಕೊಂಡು, ಒಂದು ಮೂಲೆ ಒಳಕ್ಕೆ ತಗ್ಗಿದ ಚತುರ್ಭುಜ ಬರೆದ, ಬಾಣದ ತುದಿಯ ಹಾಗೆ. "ಇದಕ್ಕೂ ಆಗುತ್ತಾ ಮಿಸ್?" ಪುಸ್ತಕದಲ್ಲಿ ಇಂಥ ನಿಮ್ನ ಆಕೃತಿಗಳ ಪರಿಚಯವಿದೆ, ಆದರೆ ಅದರ ಬಾಹ್ಯಕೋನಗಳ ಪ್ರಶ್ನೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಗೊತ್ತಿಲ್ಲ, ನಡೆದು ನೋಡೋಣ ಎಂದೆ. ಇಂಟರ್ನ್‌ಶಿಪ್‌ನಲ್ಲಿ ಆ ಮಾತನ್ನು ನಾನು ಮಕ್ಕಳ ಮುಂದೆ ಆಡಿದ್ದು ಅದೇ ಮೊದಲು. ಅಳೆದಾಗ ಮೂರು ಮೂಲೆಗಳಲ್ಲಿ 138, 142, 139 ಬಂತು. ತಗ್ಗಿದ ಮೂಲೆಯಲ್ಲಿ 58. ಕೂಡಿದರೆ 477. "ನಿಯಮ ತಪ್ಪೋಯ್ತು" ಎಂದು ಹುಡುಗರು ಖುಷಿಯಿಂದ ಕೂಗಿದರು. ಮಕ್ಕಳಿಗೆ ನಿಯಮ ತಪ್ಪಿದಾಗ ಆಗುವ ಸಂತೋಷ ಬೇರೆಯೇ. ನಡೆದವನನ್ನು ಇನ್ನೊಮ್ಮೆ ನಡೆಸಿದೆವು. ಕಟ್ಟೆಯ ಮೇಲಿನಿಂದ ಆ ಹುಡುಗಿ ಅವನನ್ನೇ ನೋಡುತ್ತಿದ್ದಳು.

"ಮಿಸ್, ಮಿಕ್ಕಿದ್ರಲ್ಲೆಲ್ಲ ಬಲಕ್ಕೆ ತಿರುಗ್ದ. ಅಲ್ಲೊಂದ್ಕಡೆ ಎಡಕ್ಕೆ ತಿರುಗ್ದ. ಅದನ್ನ ಕಳೀಬೇಕಲ್ವಾ?"

419ರಲ್ಲಿ 58 ಕಳೆದರೆ 361. ರಂಗೋಲಿ ಗೆರೆಯ ದಪ್ಪಕ್ಕೆ ಒಂದು ಡಿಗ್ರಿ ಬಿಟ್ಟುಬಿಡಬಹುದು. ಅವತ್ತು ಹೆಜ್ಜೆಯನ್ನೂ ಎತ್ತಿಡದೆ ಕುಳಿತಿದ್ದವಳು ಅವಳೊಬ್ಬಳೇ. ಓಡಾಡುವವರನ್ನು ಕುಳಿತು ನೋಡಿದ್ದರಿಂದಲೇ ಅವಳಿಗೆ ಅದು ಕಂಡಿತು ಎಂದು ನನಗನ್ನಿಸುತ್ತದೆ. ಮೂರನೆಯ ವಾರದ ಕಿರುಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಐದಕ್ಕೆ ಒಂದು.

ಇದರಿಂದ ಉತ್ಸಾಹ ಬಂದು ನಾನು ಎಲ್ಲವನ್ನೂ ಗೋಡೆಗೆ ಹಚ್ಚಲು ಹೊರಟೆ ಎಂಬುದನ್ನೂ ಹೇಳಬೇಕು. ಸಮೀಕರಣಗಳನ್ನು ಮರುಬೋಧನೆ ಮಾಡುವಾಗ ಇದೇ ಕ್ರಮ ಇಟ್ಟೆ, ಕೆಟ್ಟಿತು. ಗೋಡೆಯಿಂದ ಬೆಂಚಿಗೆ ಬರುವಷ್ಟರಲ್ಲಿ ಋಣಚಿಹ್ನೆ ದಾರಿಯಲ್ಲಿ ಬಿದ್ದುಹೋಗುತ್ತಿತ್ತು. ಪಕ್ಷಾಂತರ ಮಾಡುವಾಗ ಒಂದೇ ಎಳೆಯನ್ನು ಬಿಡದೆ ಹಿಡಿದಿರಬೇಕು, ಅದಕ್ಕೆ ಕೂರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇಂಥದ್ದೇ ಭೇದ ಕಾಣುತ್ತದೆ. ಒಂದು ವಸ್ತುವಿಗೆ ಎಷ್ಟು ಬಗೆಯ ಉಪಯೋಗ ಎಂಬಂಥ ಪ್ರಶ್ನೆಗಳಿಗೆ ನಡೆಯುತ್ತಿದ್ದವರು ಕುಳಿತವರಿಗಿಂತ ಹೆಚ್ಚು ಹೊಸ ಉತ್ತರ ಕೊಟ್ಟರು. ಒಂದೇ ಸರಿಯುತ್ತರವಿರುವ ಪದಸಮಸ್ಯೆಗಳಲ್ಲಿ ನಡಿಗೆಯಿಂದ ಲಾಭವಾಗಲಿಲ್ಲ, ಸ್ವಲ್ಪ ನಷ್ಟವೇ ಆಯಿತು. ಈ ಪ್ರಯೋಗಗಳ ಮೊದಲರ್ಧವನ್ನು ಮಾತ್ರ ಹೇಳುವುದು ರೂಢಿಯಾಗಿದೆ. ಸಮೀಕರಣಗಳಿಗೆ ಆಮೇಲೆ ಲೆಕ್ಕವನ್ನು ಬೆಂಚಿಗೇ ಕೊಟ್ಟು, ಉತ್ತರ ನೋಡಲು ಮಾತ್ರ ಎದ್ದು ಹೋಗುವಂತೆ ಮಾಡಿದೆ. ಎರಡು ಲೆಕ್ಕದ ನಡುವೆ ಹತ್ತು ಹೆಜ್ಜೆ, ಅಷ್ಟೆ.

ಇದೇ ವೇಳೆಗೆ ನನ್ನ ಸ್ವಂತ ದಿನಚರಿಯಲ್ಲೂ ಒಂದು ಬದಲಾವಣೆಯಾಯಿತು. ರಾತ್ರಿ ಹನ್ನೆರಡರವರೆಗೆ ನೆಲದ ಮೇಲೆ ಕುಳಿತು ಪಾಠಯೋಜನೆ, ರೆಕಾರ್ಡು ಬರೆಯುವುದು, ಬೆಳಿಗ್ಗೆ ಬಸ್ ಇಳಿದು ಗೆಳತಿಯ ಸ್ಕೂಟರಿನಲ್ಲಿ ಶಾಲೆಗೆ ಹೋಗುವುದು ನಡೆದಿತ್ತು. ಬಸ್ ನಿಲ್ದಾಣದಿಂದ ಶಾಲೆಗೆ ಒಂದೂವರೆ ಕಿಲೋಮೀಟರ್. ಸ್ಕೂಟರ್ ರಿಪೇರಿಗೆ ಹೋದ ವಾರ ನಡೆಯಬೇಕಾಯಿತು, ಆಮೇಲೆ ನಡೆಯುವುದೇ ಅಭ್ಯಾಸವಾಯಿತು. ಆ ದಾರಿಯಲ್ಲಿ ನಾನು ಒಂದೇ ಕೆಲಸ ಇಟ್ಟುಕೊಂಡೆ: ಇವತ್ತಿನ ಐದು ಲೆಕ್ಕ ಯಾವುವು, ಅವುಗಳಲ್ಲಿ ಯಾವುದನ್ನು ಬಿಟ್ಟರೂ ನಡೆಯುತ್ತದೆ. ಎಷ್ಟೋ ದಿನ ರಾತ್ರಿ ಬರೆದ ಯೋಜನೆಯ ಅರ್ಧ ಭಾಗ ಕೆರೆಯ ಏರಿ ದಾಟುವಷ್ಟರಲ್ಲಿ ಅನಗತ್ಯ ಎನ್ನಿಸಿಬಿಡುತ್ತಿತ್ತು. ಆರು ಪುಟದ ಯೋಜನೆ ಮೂರಕ್ಕೆ ಇಳಿಯಿತು. ಬೆನ್ನು ನೋವು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ, ಕಡಿಮೆಯಾಯಿತು. ವಯಸ್ಕರ ಚಟುವಟಿಕೆ ಲೆಕ್ಕಕ್ಕೆ ಬರಬೇಕಾದರೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ ಮೇಲೆ ಹೇಳಿದ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಕೊಡ ಹೊತ್ತದ್ದು, ಮೆಟ್ಟಿಲು ಹತ್ತಿದ್ದು, ಚಾಕ್‌ಪೀಸಿಗಾಗಿ ಆಫೀಸು ರೂಮಿಗೆ ಹೋಗಿಬಂದದ್ದು ಎಲ್ಲವೂ ಸೇರುತ್ತದೆ. ಟ್ರ್ಯಾಕ್‌ಸೂಟು ಹಾಕಿಕೊಂಡು ಮಾಡಿದ್ದು ಮಾತ್ರ ವ್ಯಾಯಾಮ ಎಂದುಕೊಂಡಿದ್ದ ನನಗೆ ಇದು ಸಮಾಧಾನದ ಸಂಗತಿ.

ಇದಕ್ಕೆ ತೆತ್ತ ಬೆಲೆಯನ್ನೂ ದಾಖಲಿಸುತ್ತೇನೆ. ಚತುರ್ಭುಜಗಳ ಪಾಠ ನಿಗದಿಗಿಂತ ಮೂರು ಅವಧಿ ಹೆಚ್ಚು ಹಿಡಿಯಿತು. ಮಾರ್ಗದರ್ಶಿ ಮೇಡಂ ತಮ್ಮ ಎರಡು ಅವಧಿ ಬಿಟ್ಟುಕೊಡದಿದ್ದರೆ ಪಠ್ಯ ಹಿಂದೆ ಬೀಳುತ್ತಿತ್ತು. ಎಲ್ಲ ಶಾಲೆಯಲ್ಲೂ ಅಂಥವರು ಸಿಗುವುದಿಲ್ಲ. ಎರಡನೆಯ ವೀಕ್ಷಣೆಗೆ ಬಂದವರು ನೋಟ್ ಪುಸ್ತಕದಲ್ಲಿ ಬರವಣಿಗೆ ಸಾಲದು, ಶಿಕ್ಷಕಿ ಹಲಗೆಯನ್ನು ಕಡಿಮೆ ಬಳಸಿದ್ದಾರೆ ಎಂದು ಬರೆದರು. ಎರಡೂ ನಿಜ. ನಮ್ಮ ವೀಕ್ಷಣಾ ಪಟ್ಟಿಯಲ್ಲಿ ಶಿಕ್ಷಕರ ಚಲನೆಗೆ ಒಂದು ಕಾಲಂ ಇದೆ. ಮಕ್ಕಳ ಚಲನೆಗೆ ಇಲ್ಲ. ಶಿಸ್ತು ಎಂಬ ಕಾಲಂ ಇದೆ, ಅಲ್ಲಿ ನನ್ನ ಅಂಕ ಇಳಿದಿತ್ತು. ಪಟ್ಟಿ ತಯಾರಿಸುವ ಗುರುಗಳು ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಘಟಕ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ತೆಗೆದವರು 21 ಜನ. ಪಾಠ ಬೇರೆ, ಪ್ರಶ್ನೆ ಬೇರೆ, ಆದ್ದರಿಂದ ಹಿಂದಿನ ಏಳರ ಪಕ್ಕದಲ್ಲಿ ಇದನ್ನಿಟ್ಟು ನಾನು ಏನನ್ನೂ ಸಾಧಿಸಲಾರೆ. ಒಂದಂತೂ ಹೇಳಬಲ್ಲೆ. ಹನ್ನೆರಡು ಲೆಕ್ಕ ಮುಗಿಸುತ್ತಿದ್ದ ದಿನಗಳಲ್ಲಿ ಒಂದು ಮಗುವೂ ನನ್ನನ್ನು ಪ್ರಶ್ನೆ ಕೇಳಿರಲಿಲ್ಲ.

ಇಂಟರ್ನ್‌ಶಿಪ್‌ನ ಕೊನೆಯ ದಿನ ಮಕ್ಕಳು ಪೆನ್ನು, ಗ್ರೀಟಿಂಗ್ ಕಾರ್ಡು ಕೊಟ್ಟರು, ಫೋಟೊ ಆಯಿತು. ಆಮೇಲೂ ಅವಧಿಯಲ್ಲಿ ಕಾಲು ಗಂಟೆ ಉಳಿದಿತ್ತು. ಬಾಣದ ತುದಿ ಬರೆದಿದ್ದ ಹುಡುಗ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ಅಲ್ಲಿ ಐದು ಮೂಲೆಯ ನಕ್ಷತ್ರ ಬರೆದಿಟ್ಟಿದ್ದ, ಕೈ ಎತ್ತದೆ ಒಂದೇ ಗೆರೆಯಲ್ಲಿ, ಗೆರೆಗಳು ಒಂದನ್ನೊಂದು ದಾಟಿಕೊಂಡು. "ಇದು ಬಹುಭುಜ ಅಲ್ಲ ಅಂತ ಗೊತ್ತು ಮಿಸ್. ಆದ್ರೂ ನಡೀಬೋದಲ್ವಾ?" ಮೂರನೆಯ ಬೆಂಚಿನ ಹುಡುಗಿ ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ, ತಾನೇ ಗೆರೆಗೆ ಇಳಿದಳು. ಒಂದೊಂದು ತುದಿಯಲ್ಲೂ ಬೆನ್ನು ತಿರುಗಿಸುವಷ್ಟು ತಿರುಗಬೇಕಿತ್ತು. ಅಳೆದವರು 144, 143, 145 ಎಂದು ಕೂಗುತ್ತಿದ್ದರು. ಐದೂ ತುದಿ ಮುಗಿಸಿ ಹೊರಟ ಜಾಗಕ್ಕೆ ಬಂದು ನಿಂತು, ಕೂಡುವ ಮೊದಲೇ ನಗುತ್ತಾ ಹೇಳಿದಳು.

"ಎರಡು ಸುತ್ತು ಮಿಸ್. ತಲೆ ತಿರುಗ್ತಿದೆ."